‘ಪಿಗ್ಮಿಗೆ ಹಾಕಿ ಆಯಿತು’

ಕಾಪುವಿನ ನಮ್ಮ ಜಗಲಿಗೆ ಕತ್ತಲಾಗುವ ಹೊತ್ತಿಗೆ ತಪ್ಪದೆ ಬರುತ್ತಿದ್ದುದು ಎರಡು. ಒಂದು, ದೀಪಸ್ತಂಭದ ಬೆಳಕು. 1901ರಲ್ಲಿ ಕಡಲ ಬಂಡೆಯ ಮೇಲೆ ಕಟ್ಟಿದ ಆ ದೀಪ ಉರಿಯುವುದು ದೋಣಿಯವರಿಗಾಗಿ. ಆದರೂ ಸುತ್ತು ಬರುವಾಗ ನಮ್ಮ ತೆಂಗಿನ ತಲೆಗಳನ್ನು ಒಂದಿಷ್ಟು ಸವರಿಕೊಂಡು ಹೋಗುತ್ತಿತ್ತು. ಇನ್ನೊಂದು, ಪಿಗ್ಮಿಯವರ ಸೈಕಲ್ಲಿನ ಬೆಲ್ಲು.

ಅವರಿಗೊಂದು ಹೆಸರಿತ್ತು, ಊರಿಗೆ ಅದು ಬೇಕಾಗಿರಲಿಲ್ಲ. ಮಕ್ಕಳಿಂದ ಮುದುಕರ ತನಕ ಎಲ್ಲರಿಗೂ ಅವರು ‘ಪಿಗ್ಮಿಯವರು’. ಅಮ್ಮ ಬೀಡಿಯ ತಡ್ಪೆಯನ್ನು ತೊಡೆಯಿಂದ ಇಳಿಸದೆಯೇ, ಎಡಗೈಯಲ್ಲಿ ಗೂಡಿನ ತಗಡಿನ ಡಬ್ಬಿ ಎಳೆದುಕೊಂಡು ಎರಡು ರೂಪಾಯಿ ತೆಗೆಯುತ್ತಿದ್ದಳು. ನೋಟಿಗೆ ಹೊಗೆಸೊಪ್ಪಿನ ವಾಸನೆ. ಅವರು ತಮ್ಮ ಉದ್ದ ಪುಸ್ತಕದಲ್ಲೊಮ್ಮೆ, ಅಮ್ಮನ ಕಾರ್ಡಿನಲ್ಲೊಮ್ಮೆ ಬರೆದು, ಸಹಿ ಹಾಕಿ, ಮಜ್ಜಿಗೆ ಕೊಟ್ಟರೆ ಕುಡಿದು, ಇಲ್ಲವಾದರೆ ಹಾಗೆಯೇ ಪಕ್ಕದ ಮನೆಗೆ ಹೋಗುತ್ತಿದ್ದರು. ಐದು ನಿಮಿಷದ ಕೆಲಸ. ನನಗೆ ಮಾತ್ರ ಆ ಮನುಷ್ಯನ ಮೇಲೆ ಸಿಟ್ಟು. ಐಸ್‌ಕ್ಯಾಂಡಿಗೆ ಹತ್ತು ಪೈಸೆ ಕೇಳಿದರೆ ‘ಇಜ್ಜಿ’ (ಇಲ್ಲ) ಎನ್ನುವ ಅಮ್ಮ ಈತನಿಗೆ ದಿನಾ ಎರಡು ರೂಪಾಯಿ ಕೊಡುತ್ತಾಳೆ, ಈತ ತಿರುಗಿ ಕೊಡುವುದು ಒಂದು ಸಹಿ!

ಆ ಸಹಿಯ ಬೆಲೆ ಎಷ್ಟು ಎಂಬುದು ಗೊತ್ತಾಗಲು ನಾನು ವಾಣಿಜ್ಯ ಓದಿ, ಆ ಓದಿನಿಂದ ಒಂದು ತಪ್ಪು ಮಾಡಿ, ಆಮೇಲೆ ಬಹಳ ವರ್ಷ ಕಾಯಬೇಕಾಯಿತು.

ನಮ್ಮ ಮನೆಗೆ ದುಡ್ಡು ಬರುವುದಕ್ಕೆ ಒಂದೇ ದಾರಿ ಇರಲಿಲ್ಲ. ಅಪ್ಪನ ಕೂಲಿ ದಿನದ್ದು. ತೆಂಗಿನಕಾಯಿ ಕೊಯ್ಯುವ ಕೆಲಸ, ಮಳೆ ಬಂದು ಮರ ಜಾರಿದರೆ ಅದೂ ಇಲ್ಲ. ಅಮ್ಮನ ಬೀಡಿಯ ಲೆಕ್ಕ ವಾರದ್ದು. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತರಬೇಕು. ಎಲೆ ನೆನೆಸಿ, ತಗಡಿನ ಅಳತೆ ಇಟ್ಟು ಕತ್ತರಿಸಿ, ಸುರುಟಿ, ಇಪ್ಪತ್ತೈದರ ಕಟ್ಟು ಮಾಡಿ ಕೊಂಡುಹೋದರೆ ಅಲ್ಲಿ ಕೂತವರು ಕೈಯಾಡಿಸಿ ಒಂದಿಷ್ಟನ್ನು ಬದಿಗೆ ತಳ್ಳುತ್ತಾರೆ. ಉಳಿದದ್ದಕ್ಕೆ ಸಾವಿರದ ಲೆಕ್ಕದಲ್ಲಿ ದುಡ್ಡು. ಎಲೆ ಹರಕಾಗಿ ಬಂದ ವಾರ ಕಡಿಮೆ ಬಿದ್ದ ಎಲೆಯನ್ನು ಕಟ್ಟುವವಳೇ ಕೊಂಡು ಹಾಕಬೇಕು. ಆಚೆ ಶಂಕರಪುರದ ಕಡೆಯ ಮನೆಗಳಲ್ಲಿ ಮಲ್ಲಿಗೆಯ ದುಡ್ಡು. ಎಂಟುನೂರು ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟಿ, ಅಟ್ಟಿಯ ದರ ದಿನಕ್ಕೊಂದು. ಮದುವೆಯ ಕಾಲಕ್ಕೆ ದರ ಮುಗಿಲಿಗೆ. ಗಿಡದ ತುಂಬ ಹೂವಿದ್ದು ಮದುವೆ ಇಲ್ಲದ ದಿನ ಕೈಗೆ ನಾರಿನ ಖರ್ಚೂ ಹುಟ್ಟದು. ಮಲ್ಪೆಯ ದಕ್ಕೆಗೆ ಹೋಗುವವರ ದುಡ್ಡು ಕಡಲಿನ ಇಷ್ಟದ್ದು. ಇವತ್ತಿಗೂ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟುಗಳೆಲ್ಲ ದಡದಲ್ಲಿ. ನಾಡದೋಣಿಯವರು ಮಾತ್ರ ಅಲೆ ನೋಡಿಕೊಂಡು ಇಳಿಯುತ್ತಾರೆ.

ಖರ್ಚಿಗೆ ಅದರದ್ದೇ ಪಂಚಾಂಗ. ಶಾಲೆ ತೆರೆಯುವುದು ಜೂನ್‌ನಲ್ಲಿ, ಬೋಟು ದಡ ಸೇರುವುದೂ ಜೂನ್‌ನಲ್ಲಿ. ಮಾಡಿನ ಹಂಚು ಒಡೆಯುವುದು ಕೆಲಸವಿಲ್ಲದ ಮಳೆಗಾಲದಲ್ಲೇ. ಜ್ವರ ಬರುವುದು ಮೈ ನೆನೆದ ಆಟಿ ತಿಂಗಳಲ್ಲಿ. ಬಡತನವೆಂದರೆ ದುಡ್ಡಿನ ಕೊರತೆ ಎಂದಷ್ಟೇ ನಾವು ತಿಳಿಯುತ್ತೇವೆ. ದುಡ್ಡು ಬರುವ ದಿನವೂ ಅದು ಬೇಕಾಗುವ ದಿನವೂ ಒಂದಕ್ಕೊಂದು ಬೆನ್ನು ತಿರುಗಿಸಿ ಕೂತಿರುತ್ತವಲ್ಲ, ಆ ಮನೆಯೊಳಗೆ ಬೆಳೆದವರಿಗೆ ಇನ್ನೊಂದು ಸಂಗತಿಯೂ ಗೊತ್ತು: ವರ್ಷದ ಒಟ್ಟು ಮೊತ್ತಕ್ಕಿಂತ ಈ ಮಂಗಳವಾರ ಡಬ್ಬಿಯಲ್ಲಿ ಏನಿದೆ ಎಂಬುದೇ ದೊಡ್ಡ ಪ್ರಶ್ನೆ.

ಇದನ್ನು ಮೊದಲು ಅರ್ಥ ಮಾಡಿಕೊಂಡವರು ಅರ್ಥಶಾಸ್ತ್ರಜ್ಞರಲ್ಲ. 1925ರಲ್ಲಿ ಉಡುಪಿಯಲ್ಲಿ ಮೂವರು ಕೂಡಿ ಒಂದು ಬ್ಯಾಂಕು ತೆರೆದರು. ಒಬ್ಬರು ವ್ಯಾಪಾರಿ ಉಪೇಂದ್ರ ಅನಂತ ಪೈ, ಒಬ್ಬರು ಎಂಜಿನಿಯರ್ ವಾಮನ ಶ್ರೀನಿವಾಸ ಕುಡ್ವ, ಒಬ್ಬರು ವೈದ್ಯ ಟಿ.ಎಂ.ಎ. ಪೈ. ಬಂಡವಾಳ 8,000 ರೂಪಾಯಿ. ಹೆಸರು ಉದ್ದ, ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್. ಮುಂದೆ ಮಣಿಪಾಲದಲ್ಲಿ ನೆಲೆಸಿ ಸಿಂಡಿಕೇಟ್ ಬ್ಯಾಂಕ್ ಆಯಿತು. ಕರಾವಳಿಯ ಕೈಮಗ್ಗದ ನೇಕಾರರು ಆಗ ಕಷ್ಟದಲ್ಲಿದ್ದರು, ಅವರ ಕೈ ಹಿಡಿಯುವುದು ಮೊದಲ ಉದ್ದೇಶ. 1928ರಲ್ಲಿ ಪಿಗ್ಮಿ ಠೇವಣಿ ಶುರುವಾಯಿತು. ಬ್ಯಾಂಕಿನ ಮನುಷ್ಯ ದಿನವೂ ಮನೆ ಬಾಗಿಲಿಗೆ ಬರುತ್ತಾನೆ, ಎರಡಾಣೆ ಕೊಟ್ಟರೂ ಸಾಕು.

ಎರಡಾಣೆ! ತಿಂಗಳ ಕೊನೆಗೆ ಅದು ಮೂರು ರೂಪಾಯಿ ಹನ್ನೆರಡಾಣೆ. ನೇಕಾರನ ಹತ್ತಿರ ತಿಂಗಳ ಕೊನೆಗೆ ಕಾಲು ಕಮ್ಮಿ ನಾಲ್ಕು ರೂಪಾಯಿ ಕೇಳಿ ನೋಡಿ, ಆತ ಅಂಗಳದ ಕಡೆ ನೋಡುತ್ತಾನೆ. ದಿನಕ್ಕೆ ಎರಡಾಣೆ ಕೇಳಿದರೆ ಸೊಂಟದಿಂದ ತೆಗೆದು ಕೊಡುತ್ತಾನೆ. ಮೊತ್ತ ಒಂದೇ, ಮನುಷ್ಯನೂ ಒಬ್ಬನೇ. ಈ ವ್ಯತ್ಯಾಸವನ್ನು ಕಂಡವರಲ್ಲಿ ಒಬ್ಬರು ವೈದ್ಯರಾಗಿದ್ದರು ಎಂಬುದು ನನಗೆ ಕಾಕತಾಳೀಯವಾಗಿ ಕಾಣುವುದಿಲ್ಲ. ಬಾಟಲಿ ಔಷಧವನ್ನು ಒಂದೇ ಗುಟುಕಿಗೆ ಕುಡಿಯಲು ಯಾವ ವೈದ್ಯನೂ ಹೇಳುವುದಿಲ್ಲ.

ಇನ್ನು ನನ್ನ ತಪ್ಪು. ಪಿಯುಸಿಯಲ್ಲಿ ಬಡ್ಡಿಯ ಲೆಕ್ಕ ಕಲಿತ ಹೊಸತರಲ್ಲಿ ಅಮ್ಮನ ಕಾರ್ಡು ತೆಗೆದು ನೋಡಿದೆ. ಮಧ್ಯದಲ್ಲಿ ತೆಗೆದರೆ ಬಡ್ಡಿಯೇ ಇಲ್ಲ. ಪೂರ್ತಿ ಅವಧಿ ಕಟ್ಟಿದರೂ ಬೇರೆ ಠೇವಣಿಗಿಂತ ಕಡಿಮೆ. ಸಂಗ್ರಾಹಕನ ಕಮಿಷನ್ನು ಎಲ್ಲಿಂದಲಾದರೂ ಬರಬೇಕಲ್ಲ! ‘ಇದು ಮೋಸ ಅಮ್ಮ. ತಿಂಗಳಿಗೆ ಅರುವತ್ತು ರೂಪಾಯಿ ಆರ್.ಡಿ. ಕಟ್ಟು, ಬ್ಯಾಂಕಿಗೆ ನಾನೇ ಹೋಗಿ ಬರುತ್ತೇನೆ’ ಎಂದೆ. ಓದಿದ ಮಗ ಹೇಳಿದ್ದೆಂದು ಅಮ್ಮ ಒಪ್ಪಿದಳು. ಮೊದಲ ತಿಂಗಳು ಕಟ್ಟಿದೆವು. ಎರಡನೆಯ ತಿಂಗಳು ಹತ್ತು ರೂಪಾಯಿ ಕಡಿಮೆ ಬಿತ್ತು, ಚಿಕ್ಕಪ್ಪನ ಹತ್ತಿರ ತಂದೆವು. ಮೂರನೆಯ ತಿಂಗಳು ಡಬ್ಬಿಯಲ್ಲಿ ನಲವತ್ತೆಂಟು ರೂಪಾಯಿ ಇದ್ದಾಗ ಮೂಳೂರಿನಿಂದ ದೊಡ್ಡಮ್ಮ ಬಂದು, ಮಗಳ ಸೀಮಂತ ಎಂದು ಜಗಲಿಯಲ್ಲಿ ಕೂತು ಅತ್ತರು. ದುಡ್ಡು ಹೋಯಿತು. ತಿರುಗಿ ಬಂತೋ ಇಲ್ಲವೋ ನೆನಪಿಲ್ಲ. ಬರಲಿಲ್ಲ ಎಂದೇ ಇಟ್ಟುಕೊಳ್ಳಿ.

ನಾಲ್ಕನೆಯ ತಿಂಗಳು ಸೈಕಲ್ಲಿನ ಬೆಲ್ಲು ಮತ್ತೆ ನಮ್ಮ ಅಂಗಳದಲ್ಲಿ ಕೇಳಿತು. ಅಮ್ಮ ನನ್ನನ್ನು ಬೈಯಲಿಲ್ಲ. ಒಂದು ಮಾತು ಮಾತ್ರ ಅಂದಳು, ಅದು ನನಗೆ ಬಿ.ಕಾಂ. ಮುಗಿಸಿದ ಮೇಲೂ ಪೂರ್ತಿ ಅರ್ಥವಾಗಿರಲಿಲ್ಲ: ‘ಡಬ್ಬಿಯಲ್ಲಿ ಇದ್ದರೆ ಇಲ್ಲ ಎನ್ನುವುದು ಹೇಗೆ ಮಗಾ?’

ಅಮ್ಮ ಸುಳ್ಳು ಹೇಳುವವಳಲ್ಲ. ಕೈಯಲ್ಲಿ ದುಡ್ಡಿಟ್ಟುಕೊಂಡು ತಂಗಿಗೋ ನೆರೆಯವಳಿಗೋ ‘ಇಜ್ಜಿ’ ಎನ್ನಲು ಅವಳಿಂದ ಆಗುತ್ತಿರಲಿಲ್ಲ. ಮಕ್ಕಳಿಗೆ ಅನ್ನಬಹುದು, ಮಕ್ಕಳು ಸಂಬಂಧ ಕಡಿದುಕೊಂಡು ಹೋಗುವುದಿಲ್ಲ. ಆದರೆ ‘ಪಿಗ್ಮಿಗೆ ಹಾಕಿ ಆಯಿತು’ ಎನ್ನಬಹುದಿತ್ತು. ಅದು ನಿಜ. ಕೇಳಿದವರಿಗೂ ಬೇಸರವಿಲ್ಲ, ಏಕೆಂದರೆ ಅವರೂ ಅದೇ ಮಾತನ್ನು ಬೇರೆಯವರಿಗೆ ಹೇಳಿದವರೇ. ಸಂಜೆ ಗಡಂಗಿನ ಕಡೆ ಹೊರಟ ಅಪ್ಪನಿಗೂ ಅದೇ ಉತ್ತರ. ಮನೆಯ ದುಡ್ಡು ಎಂದು ನಾವು ಒಂದೇ ಮಾತಿನಲ್ಲಿ ಹೇಳುತ್ತೇವೆ. ಮನೆಯೊಳಗೆ ಅಪ್ಪನ ಕಿಸೆ ಬೇರೆ, ಅಮ್ಮನ ಡಬ್ಬಿ ಬೇರೆ, ನಡುವಿನಲ್ಲಿ ಒಂದು ಗಡಿ. (ಅಳಿಯಸಂತಾನದ ನಾಡಲ್ಲವೇ ನಮ್ಮದು, ಹೆಣ್ಣಿನ ಕೈಯಲ್ಲೇ ಎಲ್ಲ ಎಂದು ಹೊರಗಿನವರು ಹೊಗಳುತ್ತಾರೆ. ಮನೆ ಹೆಣ್ಣಿನದಾಗಿತ್ತು, ನಿಜ. ಕೀಲಿಕೈ ಸೋದರಮಾವನ ಸೊಂಟದಲ್ಲಿರುತ್ತಿತ್ತು.) ಆ ಗಡಿಯನ್ನು ಜಗಳವಿಲ್ಲದೆ ಕಾಯುತ್ತಿದ್ದವರು ಸೈಕಲ್ಲಿನಲ್ಲಿ ಬರುತ್ತಿದ್ದ ಆ ಬಡಪಾಯಿ ಮನುಷ್ಯ. ಹೋದ ಬಡ್ಡಿ ಆ ಕಾವಲಿನ ಸಂಬಳ.

ಬಡ್ಡಿ ಹೋಗುವುದು ಹಾಗಿರಲಿ, ಉಳಿಸಲಿಕ್ಕೆ ಕೈಯಿಂದಲೇ ದುಡ್ಡು ಕೊಡುವವರಿದ್ದಾರೆ. ಸ್ಟುವರ್ಟ್ ರುದರ್‌ಫರ್ಡ್ ಎಂಬವರು ವಿಜಯವಾಡದ ಕೊಳೆಗೇರಿಯಲ್ಲಿ ಕಂಡದ್ದನ್ನು ಬರೆದಿದ್ದಾರೆ. ಅಲ್ಲೊಬ್ಬ ಹೆಂಗಸು ಮನೆಮನೆಗೆ ಹೋಗಿ ದಿನಕ್ಕೆ ಐದು ರೂಪಾಯಿಯಂತೆ 220 ಸಲ ತೆಗೆದುಕೊಂಡು, 1,100 ಕಟ್ಟಿದವರಿಗೆ ಕೊನೆಗೆ 1,000 ತಿರುಗಿ ಕೊಡುತ್ತಿದ್ದಳು. ನೂರು ರೂಪಾಯಿ ಅವಳ ಕೂಲಿ. ಲೆಕ್ಕ ಹಾಕಿದರೆ ಉಳಿತಾಯ ಮಾಡಿದವರೇ ವರ್ಷಕ್ಕೆ ಹತ್ತಿರಹತ್ತಿರ 30 ಶೇಕಡಾ ಬಡ್ಡಿ ತೆತ್ತಂತಾಯಿತು! ಪಶ್ಚಿಮ ಆಫ್ರಿಕದಲ್ಲಿ ಸುಸು ಎಂಬ ಪದ್ಧತಿ. ತಿಂಗಳಿಡೀ ಕೊಟ್ಟದ್ದರಲ್ಲಿ ಒಂದು ದಿನದ್ದು ಸಂಗ್ರಾಹಕನಿಗೆ. ಪಿಯುಸಿಯ ನನ್ನ ಕೈಗೆ ಈ ಲೆಕ್ಕ ಸಿಕ್ಕಿದ್ದರೆ ವಿಜಯವಾಡದ ಹೆಂಗಸರಿಗೆಲ್ಲ ಬುದ್ಧಿ ಹೇಳುತ್ತಿದ್ದೆ.

ಪಿಗ್ಮಿ ಬರುವ ಮೊದಲು ನಮ್ಮವರು ಏನು ಮಾಡುತ್ತಿದ್ದರು? ಮಾಡಿನ ಅಡಿಗೆ ನೋಡಬೇಕು. ಸುಗ್ಗಿಯ ಗದ್ದೆಯಲ್ಲಿ ಬೆಳೆದ ಸೌತೆಕಾಯಿಗಳು ತೆಂಗಿನ ಗರಿಯ ಎಳೆಯಲ್ಲಿ ಒಂದೊಂದಾಗಿ ಜಂತಿಗೆ ನೇತಾಡುತ್ತಿದ್ದವು. ಹಲಸಿನ ಬೀಜ ಕೆಂಪು ಮಣ್ಣು ಮೆತ್ತಿಕೊಂಡು ಮೂಲೆಯಲ್ಲಿ ಮಲಗಿರುತ್ತಿತ್ತು. ಅಕ್ಕಿ ಬೈಹುಲ್ಲಿನ ಮುಡಿಯೊಳಗೆ. ಅಟ್ಟದಲ್ಲಿ ಒಣಮೀನು. ಭರಣಿಯಲ್ಲಿ ಉಪ್ಪಿನಲ್ಲಿ ಹಾಕಿದ ಹಲಸಿನ ತೊಳೆ, ತುಳುವಿನಲ್ಲಿ ಉಪ್ಪಡ್ ಪಚ್ಚಿಲ್. ಆಟಿ ಬಂತೆಂದರೆ ಗದ್ದೆಯ ಕೆಲಸ ಮುಗಿದಿರುತ್ತದೆ, ಕಡಲು ಮುಚ್ಚಿರುತ್ತದೆ, ಮಳೆ ಬಿಡುವುದಿಲ್ಲ. ಆಗ ಒಂದೊಂದೇ ಕೆಳಗಿಳಿಯುತ್ತದೆ.

ಈಗ ನೆನೆದರೆ ಅಲ್ಲೊಂದು ಜಾಣತನ ಕಾಣುತ್ತದೆ. ಆ ಉಪ್ಪಿನ ತೊಳೆಯನ್ನು ಹಾಗೇ ತಿನ್ನಲು ಬರುವುದಿಲ್ಲ, ಬಾಯಿಗಿಟ್ಟರೆ ಉಗಿಯಬೇಕು. ನೀರಲ್ಲಿ ಹಾಕಿಟ್ಟು, ಹಿಂಡಿ, ನೀರು ಬದಲಿಸಿ, ಮತ್ತೆ ಹಿಂಡಿ, ಆಮೇಲಷ್ಟೇ ಪಲ್ಯಕ್ಕೆ. ಮೇ ತಿಂಗಳ ಹಸಿವಿಗೆ, ಚಪಲಕ್ಕೆ, ಬಂದ ನೆಂಟರಿಗೆ ಅದು ಒದಗುವುದಿಲ್ಲ. ತನ್ನ ಕೈಯಿಂದ ತನ್ನದನ್ನೇ ಕಾಪಾಡಿಕೊಳ್ಳಲು ಹಾಕಿದ ಬೀಗ ಅದು. ಕಬ್ಬಿಣದ ಬದಲು ಉಪ್ಪಿನದ್ದು. ಇಂದು ಆಟಿಯ ಹೆಸರಿನಲ್ಲಿ ಸಭಾಭವನಗಳಲ್ಲಿ ಬಗೆಬಗೆಯ ಖಾದ್ಯ ಬಡಿಸುವ ಕೂಟಗಳು ನಡೆಯುತ್ತವೆ. ನಾನೂ ಹೋಗಿ ಪತ್ರೊಡೆ ತಿಂದು ಬಂದಿದ್ದೇನೆ, ಚೆನ್ನಾಗಿಯೇ ಇರುತ್ತದೆ. ಆದರೆ ಅಷ್ಟೂ ಬಗೆಯನ್ನು ಒಂದೇ ಎಲೆಯಲ್ಲಿ ಕಂಡಿದ್ದರೆ ಅಜ್ಜಿ ಬೆಚ್ಚಿಬೀಳುತ್ತಿದ್ದಳು. ಅವಳ ಪಾಲಿಗೆ ಅದು ಎರಡು ತಿಂಗಳ ಠೇವಣಿಯನ್ನು ಒಂದು ಮಧ್ಯಾಹ್ನ ಮುರಿದಂತೆ.

ಅನ್ನದ ಮಾತು ಬಂತು, ರೇಶನ್ ಅಕ್ಕಿಯ ಮಾತನ್ನೂ ಆಡಿಬಿಡುತ್ತೇನೆ. ‘ಸರಕಾರ ಪುಕ್ಕಟೆ ಅಕ್ಕಿ ಕೊಟ್ಟರೆ ಇವರು ಮಾರಿ ಮೀನು ತಿನ್ನುತ್ತಾರೆ’ ಎಂಬ ಮಾತನ್ನು ನಮ್ಮಲ್ಲಿ ಕೇಳದವರು ಯಾರು? ಹೇಳುವವರು ಸಾಮಾನ್ಯವಾಗಿ ಊಟ ಮುಗಿಸಿ, ಕೈ ತೊಳೆದು ಬಂದವರು. ರೇಶನ್ ಅಕ್ಕಿ ಮಾರುವುದು ಕಾನೂನಿನ ಪ್ರಕಾರ ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕರಾವಳಿಯ ಮನೆಗೆ ಬೆಳ್ತಿಗೆ ಅಕ್ಕಿ ಬೇಕಾಗುವುದು ದೋಸೆಗೆ, ಕಡುಬಿಗೆ, ಹಬ್ಬದ ಪಾಯಸಕ್ಕೆ. ದಿನದ ಊಟ ಕುಚ್ಚಲಕ್ಕಿಯದ್ದು. ಬೆಳಗ್ಗೆ ಗಂಜಿ ಕುಡಿದು ಗದ್ದೆಗೋ ಕೋರೆಗೋ ಹೋದವನಿಗೆ ಮಧ್ಯಾಹ್ನದ ತನಕ ಅದು ಹೊಟ್ಟೆಯಲ್ಲಿ ನಿಲ್ಲುತ್ತದೆ. ಬೆಳ್ತಿಗೆ ಉಂಡವನಿಗೆ ಹತ್ತೂವರೆಗೇ ಹಸಿವು. ರೇಶನ್ ಅಂಗಡಿಯಲ್ಲಿ ಕುಚ್ಚಲಕ್ಕಿ ಕೊಡಿ ಎಂದು ಕರಾವಳಿಯ ಜನ ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ಕೊಟ್ಟ ಅಕ್ಕಿಯನ್ನು ಬಿಟ್ಟು ಬೇಕಾದ ಅಕ್ಕಿಯ ಕಡೆ ಹೋಗುವವನನ್ನು ಸೋಮಾರಿ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ.

ಮೀನಿನ ಮಾತೂ ಹೊಸದಲ್ಲ. ಚೀನಾದ ಹುನಾನ್ ಪ್ರಾಂತ್ಯದಲ್ಲಿ ರಾಬರ್ಟ್ ಜೆನ್ಸನ್ ಮತ್ತು ನೋಲನ್ ಮಿಲ್ಲರ್ ಬಡ ಮನೆಗಳಿಗೆ ಅಕ್ಕಿಯನ್ನು ಸೋವಿಯಾಗಿ ಸಿಗುವಂತೆ ಮಾಡಿ ನೋಡಿದರು. ಅಕ್ಕಿ ಅಗ್ಗವಾದಾಗ ಜನ ಅಕ್ಕಿಯನ್ನೇ ಕಡಿಮೆ ತಿಂದರು, ಉಳಿದ ದುಡ್ಡು ರುಚಿಯ ಪದಾರ್ಥಕ್ಕೆ ಹೋಯಿತು. ಪಂಡಿತರಿಗೆ ಅದು ಅಚ್ಚರಿ. ಎರಡು ಬೂತಾಯಿ ಸಿಕ್ಕಿದ ದಿನ ಗಂಜಿ ಎಷ್ಟು ಸಲೀಸಾಗಿ ಇಳಿಯುತ್ತದೆ ಎಂದು ಮಲ್ಪೆಯ ಯಾವ ಹೆಂಗಸಿನ ಹತ್ತಿರ ಕೇಳಿದ್ದರೂ ಸಾಕಿತ್ತು.

ಇಷ್ಟು ಹೇಳಿ ಬಡವರ ಪ್ರತಿ ಖರ್ಚಿಗೂ ಜಾಣತನದ ಪಟ್ಟ ಕಟ್ಟಲು ನನಗೆ ಮನಸ್ಸಿಲ್ಲ. ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ, 2019ರಲ್ಲಿ ಮೈಕೆಲ್ ಕ್ರೆಮರ್ ಜೊತೆ ನೊಬೆಲ್ ಪಡೆದವರು, ರಾಜಸ್ಥಾನದ ಉದಯಪುರದ ಬಡ ಮನೆಗಳ ಲೆಕ್ಕ ತೆಗೆದಿದ್ದಾರೆ. ಅತಿ ಬಡವರಲ್ಲಿ 99 ಶೇಕಡಾಕ್ಕಿಂತ ಹೆಚ್ಚು ಮನೆಗಳು ಹಿಂದಿನ ಒಂದು ವರ್ಷದಲ್ಲಿ ಮದುವೆಗೋ ಉತ್ತರಕ್ರಿಯೆಗೋ ಹಬ್ಬಕ್ಕೋ ಖರ್ಚು ಮಾಡಿದ್ದವು. ನಡುವಿನ ಲೆಕ್ಕದ ಮನೆಯೊಂದರ ವರ್ಷದ ಖರ್ಚಿನಲ್ಲಿ ಹತ್ತನೆಯ ಒಂದು ಪಾಲು ಇದಕ್ಕೇ. ನಾನು ಮೊದಲ ಸಲ ಓದುವಾಗ ಅವಸರದಲ್ಲಿ ಉದಯಪುರವನ್ನು ಉಡುಪಿ ಎಂದೇ ಓದಿಕೊಂಡಿದ್ದೆ. ಓದು ಮುಗಿಯುವ ತನಕ ಅನುಮಾನವೇ ಬರಲಿಲ್ಲ!

ಕಾಪುವಿನಲ್ಲಿ ವರ್ಷಕ್ಕೆ ಮೂರು ಮಾರಿಪೂಜೆ: ಸುಗ್ಗಿ, ಆಟಿ, ಜಾರ್ದೆ. ಮಂಗಳವಾರ ಸಂಜೆ ಕೋಳಿ ಹಿಡಿದುಕೊಂಡು ಬರುವವರ ಸಾಲಿನಲ್ಲಿ ಆ ದಿನದ ಕೂಲಿ ಬಿಟ್ಟು ಬಂದವರೇ ಹೆಚ್ಚು. ಮನೆಯ ದೈವಕ್ಕೆ ತಂಬಿಲ, ಹರಕೆಯ ಕೋಲ. ಮಂದಾರ್ತಿಯ ಯಕ್ಷಗಾನದ ಹರಕೆ ಆಟಕ್ಕೆ ವರ್ಷಗಟ್ಟಲೆ ಮುಂಚೆ ಹೆಸರು ಬರೆಸಿ ಕಾಯುವವರು. ಜನವರಿಯಲ್ಲಿ ಕಾರ್ಕಳದ ಅತ್ತೂರು ಜಾತ್ರೆಗೆ ಮೇಣದಬತ್ತಿ ಹಿಡಿದು ಹೋಗುವ ಎಲ್ಲ ಮತದವರು. ಇದನ್ನು ದುಂದು ಎನ್ನಲೇ? ಅಪ್ಪ ಮರದಿಂದ ಬಿದ್ದ ದಿನ ಅವನನ್ನು ಹಳೆಯ ಬಾಗಿಲಿನ ಹಲಗೆಯ ಮೇಲೆ ಮಲಗಿಸಿ ರಸ್ತೆಯ ತನಕ ಹೊತ್ತ ಆರು ಜನರೂ ನಮ್ಮ ಮನೆಯ ತಂಬಿಲದಲ್ಲಿ ಕೂತು ಉಂಡವರು. ಊಟಕ್ಕೂ ಹೊತ್ತದ್ದಕ್ಕೂ ಯಾರೂ ಲೆಕ್ಕ ಹಚ್ಚಲಿಲ್ಲ. ಹಚ್ಚಿದ್ದರೆ ಅದು ಕೆಟ್ಟುಹೋಗುತ್ತಿತ್ತು. ಆದರೆ ಇನ್ನೊಂದು ಮುಖವನ್ನೂ ಕಂಡಿದ್ದೇನೆ. ಮಗಳ ಮದುವೆಗೆ ಸಭಾಭವನವೇ ಆಗಬೇಕೆಂದು, ಮನೆಯ ಅಂಗಳದಲ್ಲಿ ಮಾಡಿದರೆ ನಾಲ್ಕು ಜನ ಏನೆಂದಾರು ಎಂದು, ಎಂಟು ವರ್ಷ ತೀರದ ಸಾಲ ಮಾಡಿದ ಮನೆ ನಮ್ಮ ಬೀದಿಯಲ್ಲೇ ಇದೆ. ಅಲ್ಲಿ ಭಕ್ತಿಯೂ ಇರಲಿಲ್ಲ, ಬಂಧವೂ ಇರಲಿಲ್ಲ, ಹೆದರಿಕೆ ಇತ್ತು. ಆ ಹೆದರಿಕೆಯನ್ನು ಹುಟ್ಟಿಸಿದವರು ನಮ್ಮಂಥ ಕೈ ತೊಳೆದು ಕೂತವರೇ. ಉಳ್ಳವರ ಮದುವೆಯ ಊಟಕ್ಕೆ ಬಂದ ಬಡವ ತನ್ನ ಮಗಳ ಮದುವೆಯ ಖರ್ಚಿನ ಅಂದಾಜನ್ನು ಅಲ್ಲೇ ಕೂತು ಕಲಿತುಕೊಂಡು ಹೋಗುತ್ತಾನೆ.

ಅಮ್ಮನ ಪಿಗ್ಮಿ ಅವಧಿ ತುಂಬಿದಾಗ, ಮಳೆ, ಜ್ವರ, ದುಡ್ಡಿಲ್ಲದ ದಿನಗಳು ಕಳೆದು, 3,000 ರೂಪಾಯಿ ಚಿಲ್ಲರೆ ಬಂತು. ಅವಳು ಒಂದು ಜೊತೆ ಬೆಂಡೋಲೆ ಮಾಡಿಸಿದಳು. ನಾನು ಮತ್ತೆ ಬುದ್ಧಿ ಹೇಳಲು ಹೋಗಿ ಬಾಯಿ ಮುಚ್ಚಿಕೊಂಡೆ. ಎರಡು ವರ್ಷ ಅವು ಅವಳ ಕಿವಿಯಲ್ಲಿದ್ದವು. ಅಪ್ಪ ಬಿದ್ದ ಸಂಜೆ ಮಣಿಪಾಲದ ಆಸ್ಪತ್ರೆಗೆ ಹೊರಡುವ ಮೊದಲು ಅಮ್ಮ ಕಿವಿ ಬಿಚ್ಚಿ ಚಿಕ್ಕಪ್ಪನ ಅಂಗೈಗೆ ಹಾಕಿದಳು. ಸೊಸೈಟಿ ಮುಚ್ಚುವ ಮೊದಲು ಅಡವಿಟ್ಟು ಅವರು ಹಿಂದಿನಿಂದ ಬಂದರು. ಒಂದು ಮನೆ ಮೇಲೇರಲು ಹತ್ತು ವರ್ಷ, ಕೆಳಗಿಳಿಯಲು ಒಂದು ಕಾಯಿಲೆ ಸಾಕು. ಅನಿರುದ್ಧ ಕೃಷ್ಣ ಎಂಬ ವಿದ್ವಾಂಸರು ದೇಶದೇಶಗಳ ಹಳ್ಳಿಗಳಲ್ಲಿ ಹಾಗೆ ಜಾರಿದ ಮನೆಗಳ ಕತೆ ಕೇಳಿ 2010ರಲ್ಲಿ ಬರೆದ ಪುಸ್ತಕದ ಹೆಸರೇ ‘ವನ್ ಇಲ್‌ನೆಸ್ ಅವೇ’. ನಮ್ಮ ರಾಜ್ಯದಲ್ಲಿ 2003ರಲ್ಲಿ ಸಹಕಾರಿ ಸಂಘದ ರೈತರಿಗೆ ವರ್ಷಕ್ಕೆ 60 ರೂಪಾಯಿಯ ಯಶಸ್ವಿನಿ ಆರೋಗ್ಯ ವಿಮೆ ಬಂತು. ಮಣಿಪಾಲದ ಆರೋಗ್ಯ ಕಾರ್ಡು ಮಾಡಿಸಲು ನಮ್ಮೂರಿನವರು ಈಗಲೂ ವರ್ಷವರ್ಷ ಆಧಾರ್ ಪ್ರತಿ ಹಿಡಿದುಕೊಂಡು ಹೋಗುತ್ತಾರೆ. ಅಂದು ನಮ್ಮ ಮನೆಯ ವಿಮೆ ಅಮ್ಮನ ಕಿವಿಯಲ್ಲಿತ್ತು. ಬಿಡಿಸಿಕೊಳ್ಳಲು ಎರಡು ವರ್ಷ ಹಿಡಿಯಿತು, ಅಷ್ಟೂ ದಿನ ಅವಳು ಕಿವಿಯ ತೂತಿಗೆ ಹಿಡಿಕಡ್ಡಿ ಸಿಕ್ಕಿಸಿಕೊಂಡಿದ್ದಳು.

ಪಿಗ್ಮಿಯವರ ಕತೆಯನ್ನು ಅರ್ಧಕ್ಕೆ ಬಿಟ್ಟೆ. ಅವರೂ ನಮ್ಮ ಹಾಗೆಯೇ ಬಡವರು. ಸಂಬಳವಿಲ್ಲ, ತಂದ ಮೊತ್ತದ ಮೇಲೆ ಕಮಿಷನ್. ಮಳೆಗಾಲದಲ್ಲಿ ಒಂದು ಕೈಯಲ್ಲಿ ಕೊಡೆ, ಅಂಗಿಯೊಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪುಸ್ತಕ. ಯಾರದೋ ಮನೆಯಲ್ಲಿ ದುಡ್ಡಿಲ್ಲದ ದಿನ ತಮ್ಮ ಕಿಸೆಯಿಂದ ಎರಡು ರೂಪಾಯಿ ಹಾಕಿ ಬರೆದು, ಮರುದಿನ ತೆಗೆದುಕೊಂಡದ್ದೂ ಉಂಟು. ಇಂಥವರು ಬ್ಯಾಂಕಿನ ಕೆಲಸಗಾರರೇ, ಹೊರಗಿನ ದಲ್ಲಾಳಿಗಳೇ ಎಂಬ ವ್ಯಾಜ್ಯ ವರ್ಷಗಟ್ಟಲೆ ನಡೆದು, 2001ರಲ್ಲಿ ಸುಪ್ರೀಂ ಕೋರ್ಟು ಅವರು ಕೆಲಸಗಾರರೇ, ಅವರ ಕಮಿಷನ್ನು ಕೂಲಿಯೇ ಎಂದು ಹೇಳಿತು. ಕಾಯಂ ನೌಕರರ ಸಂಬಳದ ಶ್ರೇಣಿ ಮಾತ್ರ ದಕ್ಕಲಿಲ್ಲ. ಎರಡಾಣೆಯ ಯೋಜನೆ ಹುಟ್ಟಿಸಿದ ಬ್ಯಾಂಕು 1969ರಲ್ಲಿ ರಾಷ್ಟ್ರೀಕರಣಗೊಂಡು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಅದೇ ದಿನ, 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲೇ ಕಟ್ಟಿದ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನೊಳಗೆ ಕರಗಿತು. ಪಿಗ್ಮಿ ಎಂಬ ಪದ ಮಾತ್ರ ಯಾವ ವಿಲೀನಕ್ಕೂ ಸಿಗದೆ ಉಳಿದುಕೊಂಡಿದೆ. ಸಹಕಾರಿ ಸಂಘಗಳು ಅದೇ ಹೆಸರಲ್ಲಿ ಈಗಲೂ ಬಾಗಿಲಿಗೆ ಬರುತ್ತವೆ.

ಆದರೆ ಬಾಗಿಲಿಗೆ ಬರುವವರು ಬದಲಾಗಿದ್ದಾರೆ. ಕಾರ್ಕಳದ ಹತ್ತಿರ ಗೇರುಬೀಜದ ಕಾರ್ಖಾನೆಗೆ ಹೋಗುವ ಹೆಂಗಸರ ಮನೆಗಳಿಗೆ ಒಮ್ಮೆ ಹೋಗಿದ್ದೆ. ಗೇರುಸಿಪ್ಪೆಯ ಎಣ್ಣೆಗೆ ಕಪ್ಪಾದ ಬೆರಳುಗಳು. ಅಮ್ಮನ ಬೆರಳಿನ ಹೊಗೆಸೊಪ್ಪಿನ ಬಣ್ಣ ನೆನಪಾಯಿತು. ಮಾತಿನ ನಡುವೆ ಒಬ್ಬಾಕೆ ಕಿರುಸಾಲದ ಕಂತಿನ ಪುಸ್ತಕ ತೋರಿಸಿದಳು. ವಾರಕ್ಕೊಂದು ಕಂತು. ಸಾಲ ಯಾತಕ್ಕೆ ಎಂದು ಕೇಳಿದೆ. ಮೊದಲಿನದ್ದು ಮನೆಗೆ ಸಿಮೆಂಟು ಹಾಕಲು, ಎರಡನೆಯದ್ದು ಮಗಳ ನರ್ಸಿಂಗಿಗೆ, ಮೂರನೆಯದ್ದು ಚಿನ್ನಕ್ಕೆ. ಸಾಲ ಮಾಡಿ ಚಿನ್ನವೇ ಎಂದು ನನ್ನೊಳಗಿನ ಪಿಯುಸಿ ಹುಡುಗ ಮತ್ತೆ ಎದ್ದ. ಅವಳ ಉತ್ತರ ಸರಳ. ಕಂತು ಇದ್ದರೆ ಹೇಗಾದರೂ ಕಟ್ಟುತ್ತೇನೆ, ಕಟ್ಟದಿದ್ದರೆ ಸಂಘದ ಹತ್ತು ಜನರ ಮುಂದೆ ಮುಖ ಹೋಗುತ್ತದೆ. ನಾನಾಗಿಯೇ ಉಳಿಸುತ್ತೇನೆ ಎಂದು ಕೂತರೆ ಈ ಜನ್ಮದಲ್ಲಿ ಒಂದು ಗ್ರಾಂ ಆಗುವುದಿಲ್ಲ.

ಅಮ್ಮನಿಗೂ ಇವಳಿಗೂ ಲೆಕ್ಕ ಒಂದೇ. ಚಿಕ್ಕ ಚಿಕ್ಕ ದುಡ್ಡು, ಬಾಗಿಲಿಗೆ ಬರುವವರು ಒಬ್ಬರು, ಕೊನೆಗೊಂದು ದೊಡ್ಡ ಮೊತ್ತ. ಅಮ್ಮ ಮೊದಲು ಕಟ್ಟಿ ಆಮೇಲೆ ಪಡೆದಳು, ಇವಳು ಮೊದಲು ಪಡೆದು ಆಮೇಲೆ ಕಟ್ಟುತ್ತಾಳೆ. ಆದರೆ ಅಮ್ಮ ಕೊಡದ ದಿನ ಪಿಗ್ಮಿಯವರು ‘ನಾಳೆ ಕೊಡಿ’ ಎಂದು ಹೋಗುತ್ತಿದ್ದರು. ಇವಳು ಕೊಡದ ವಾರ ಯಾರೂ ಹಾಗೆ ಹೋಗುವುದಿಲ್ಲ. ಕಿರುಸಾಲದ ವಸೂಲಿಯ ಕಾಟ ತಾಳದೆ ರಾಜ್ಯದ ಎಷ್ಟೋ ಕಡೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟರು. 2025ರ ಫೆಬ್ರವರಿಯಲ್ಲಿ ಸರಕಾರ ಅದನ್ನು ತಡೆಯಲು ಸುಗ್ರೀವಾಜ್ಞೆ ತರಬೇಕಾಯಿತು. ಸಾಲದಿಂದ ಎಷ್ಟೋ ಮನೆ ಎದ್ದಿವೆ, ಅದನ್ನು ಅಲ್ಲಗಳೆಯಲಾರೆ. ಕಾರ್ಕಳದ ಆ ಮನೆಯ ಸಿಮೆಂಟಿನ ನೆಲದ ಮೇಲೆಯೇ ನಾನು ಕೂತಿದ್ದೆ. ಆದರೂ ಒಂದು ಅನುಮಾನ ಕಾಡುತ್ತದೆ. ಉಳಿತಾಯಕ್ಕೆ ಬಾಗಿಲಿಗೆ ಬರುವವರು ವಿರಳವಾದಾಗ ಜನ ಸಾಲವನ್ನೇ ಉಳಿತಾಯದ ಹುಂಡಿ ಮಾಡಿಕೊಂಡರೇ? ಹಾಗಿದ್ದರೆ ಅವಳು ಬಡ್ಡಿ ತೆರುತ್ತಿರುವುದು ದುಡ್ಡಿಗಲ್ಲ, ವಾರಕ್ಕೊಮ್ಮೆ ಬಾಗಿಲು ತಟ್ಟುವ ಕೈಗೆ.

ಉಡುಪಿಯ ನನ್ನ ಕಚೇರಿಗೂ ಒಬ್ಬ ಪಿಗ್ಮಿ ಹುಡುಗ ಬರುತ್ತಾನೆ. ಸೈಕಲ್ಲಿಲ್ಲ, ಸ್ಕೂಟರಿದೆ, ಪುಸ್ತಕವಿಲ್ಲ, ಅಂಗೈಯಗಲದ ಯಂತ್ರದಿಂದ ರಶೀದಿ ನಾಲಿಗೆ ಚಾಚುತ್ತದೆ. ಕೆಳಗಿನ ಜ್ಯೂಸ್ ಅಂಗಡಿ, ಹೂವಿನ ಕಟ್ಟೆ, ಚಪ್ಪಲಿ ಹೊಲಿಯುವವರು, ಎಲ್ಲರ ಹತ್ತಿರ ಹೋಗಿ ಕೊನೆಗೆ ನಮ್ಮ ಮಹಡಿ ಹತ್ತುತ್ತಾನೆ. ನನ್ನ ಪಿ.ಎಫ್. ನಾನು ನೋಡುವ ಮೊದಲೇ ಸಂಬಳದಿಂದ ಕಡಿತವಾಗುತ್ತದೆ. ವಿಮೆಯ ಕಂತು, ಮನೆ ಸಾಲದ ಕಂತು ಐದನೆಯ ತಾರೀಕಿಗೆ ತಾವಾಗಿ ಹೋಗುತ್ತವೆ. ಹೀಗೆ ಮೂವತ್ತು ವರ್ಷ ಒಂದು ದಿನವೂ ಮನಸ್ಸು ಗಟ್ಟಿ ಮಾಡದೆಯೇ ನಾನು ಶಿಸ್ತಿನ ಮನುಷ್ಯ ಎನಿಸಿಕೊಂಡಿದ್ದೇನೆ. ಅಮ್ಮ ಪ್ರತಿ ಸಂಜೆ, ಡಬ್ಬಿಯ ಮುಚ್ಚಳ ತೆಗೆದು, ಮಗನ ಐಸ್‌ಕ್ಯಾಂಡಿಯ ಮುಖ ಎದುರಿಗಿಟ್ಟುಕೊಂಡು, ಹೊಸದಾಗಿ ನಿಶ್ಚಯಿಸಬೇಕಿತ್ತು.

ಕಳೆದ ವಾರ ಹುಡುಗ ಮೇಜಿನ ಎದುರು ನಿಂತು, ‘ಸಾರ್, ನೀವೊಂದು ಮಾಡಿ. ದಿನಕ್ಕೆ ನೂರು ಸಾಕು’ ಎಂದ.

‘ಈ ತಿಂಗಳು ಸ್ವಲ್ಪ ಖರ್ಚಿದೆ ಮಾರಾಯ, ಮುಂದಿನ ತಿಂಗಳು ನೋಡುವ’ ಎಂದೆ.

ಅವನು ಯಂತ್ರವನ್ನು ಚೀಲಕ್ಕೆ ಹಾಕಿಕೊಳ್ಳುತ್ತಾ ಹೇಳಿದ: ‘ಹೋದ ವರ್ಷವೂ ಹಾಗೇ ಹೇಳಿದ್ದಿರಿ ಸಾರ್.’